ಅಜ್ಜನ ಪೆಟ್ಟಿಗೆಯ ಕೆಂಪು ನೋಟು, ದೋಸ್ತನ 15 ಲಕ್ಷದ ಲೆಕ್ಕ

ಪ್ರಶ್ನೆ: ಸರ್, ನಾನು ಕುಂದಾಪುರ ಕಡೆಯವನು, ವಯಸ್ಸು 34. ಹಪ್ಪಳ, ಉಪ್ಪಿನಕಾಯಿ, ಬಾಳೆಕಾಯಿ ಚಿಪ್ಸ್, ಗೋಡಂಬಿ ಪ್ಯಾಕ್ ಮಾಡಿ ಮಾರುವ ಸಣ್ಣ ಘಟಕ ನಡೆಸುತ್ತಿದ್ದೇನೆ. ನನ್ನ ಅಜ್ಜ ಮಂಜಿಯಲ್ಲಿ, ಅಂದರೆ ಸರಕಿನ ಹಾಯಿ ಹಡಗಿನಲ್ಲಿ, ಒಮಾನಿನ ಮಸ್ಕತ್ತಿಗೆ ಹೋಗಿ ಬರುತ್ತಿದ್ದರಂತೆ. ಮಂಗಳೂರಿನ ಅಕ್ಕಿ ಇಲ್ಲದಿದ್ದರೆ ಅಲ್ಲಿ ಒಲೆ ಹತ್ತುತ್ತಿರಲಿಲ್ಲ, ಅಲ್ಲಿ ನಡೆಯುತ್ತಿದ್ದದ್ದು ನಮ್ಮದೇ ರೂಪಾಯಿ ಎಂದು ಹೇಳುತ್ತಿದ್ದರು. ಅವರ ಪೆಟ್ಟಿಗೆಯಲ್ಲಿ ಒಂದು ಕೆಂಪು ಬಣ್ಣದ 10 ರೂಪಾಯಿ ನೋಟು ಈಗಲೂ ಇದೆ. ಒಮಾನ್ ಮೊದಲು ಭಾರತದ ಭಾಗವೇ ಆಗಿತ್ತು, ಈಗ ಪಾಕಿಸ್ತಾನದಲ್ಲಿರುವ ಗ್ವಾದರ್ ಬಂದರನ್ನು ನಮಗೆ ಪುಕ್ಕಟೆ ಕೊಡಲು ಬಂದಿದ್ದರು, ನಾವೇ ಬೇಡ ಅಂದೆವು ಎಂದು ವಾಟ್ಸ್‌ಆ್ಯಪ್‌ನಲ್ಲಿ ಓದಿದೆ. ಈಗ ಎರಡೂ ದೇಶಗಳ ನಡುವೆ ಸುಂಕ ಇಲ್ಲದ ವ್ಯಾಪಾರ ಒಪ್ಪಂದ ಆಗಿದೆಯಲ್ಲ, ಮಸ್ಕತ್ತಿನ ರುವಿಯಲ್ಲಿ ಕೆಲಸದಲ್ಲಿರುವ ನನ್ನ ದೋಸ್ತ ಅಲ್ಲೇ ಒಂದು ಅಂಗಡಿ ಮಾಡೋಣ, 15 ಲಕ್ಷ ಹಾಕು ಅನ್ನುತ್ತಿದ್ದಾನೆ. ದುಡ್ಡು ಇಲ್ಲೇ ಅವನ ಭಾವನ ಅಕೌಂಟಿಗೆ ಹಾಕಿದರೆ ಸಾಕಂತೆ, ಅಲ್ಲಿ ಅವನು ಹೊಂದಿಸುತ್ತಾನಂತೆ. ಇಷ್ಟು ಹಳೆಯ ನಂಟಿರುವ ದೇಶ, ಹೆದರುವಂಥದ್ದೇನೂ ಇಲ್ಲ ಅಲ್ವಾ?

ಉತ್ತರ: ಅಜ್ಜ ಹೇಳಿದ್ದು ನಿಜವಾ, ದುಡ್ಡು ಹಾಕಬಹುದಾ ಎಂದು ಎರಡು ವಿಷಯ ಕೇಳಿದ್ದೀರಿ. ನನ್ನ ಕಣ್ಣು ಹೋಗಿ ನಿಂತಿದ್ದು ಮೂರನೆಯದರ ಮೇಲೆ. ‘ಭಾವನ ಅಕೌಂಟಿಗೆ ಹಾಕಿದರೆ ಸಾಕಂತೆ’ ಎಂಬ ಸಾಲನ್ನು ನೀವು ಸುಮ್ನೆ ದಾರಿಯಲ್ಲಿ ಹೇಳಿದ ಹಾಗೆ ಹೇಳಿಬಿಟ್ಟಿದ್ದೀರಿ. ಮೂವತ್ತು ವರ್ಷ ಮಂಗಳೂರಿನಲ್ಲಿ ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ಕೂತವನಿಗೆ ಇಡೀ ಪತ್ರದಲ್ಲಿ ದೊಡ್ಡದಾಗಿ ಕಂಡಿದ್ದು ಅದೊಂದೇ. ಅದಕ್ಕೆ ಬರುತ್ತೇನೆ. ಮೊದಲು ನಿಮ್ಮ ಅಜ್ಜನ ಮಾತು ನೋಡೋಣ. ಅವರ ಮಾತು ಮುಕ್ಕಾಲು ಪಾಲು ಸರಿ.

ಅಕ್ಕಿಯ ವಿಷಯದಲ್ಲಿ ಉತ್ಪ್ರೇಕ್ಷೆ ಕಡಿಮೆ. ಒಮಾನಿನಲ್ಲಿ ಬೆಟ್ಟ ಮತ್ತು ಮರುಭೂಮಿಯೇ ಜಾಸ್ತಿ, ಭತ್ತ ಬೆಳೆಯುವ ನೆಲ ಅಲ್ಲ. ಮಸ್ಕತ್ ಬಂದರು ನೂರಾರು ವರ್ಷ ಹೊರಗಿನ ಅಕ್ಕಿಯನ್ನೇ ಉಂಡಿತು, ಅದರಲ್ಲಿ ಮಂಗಳೂರಿನದು ದೊಡ್ಡ ಪಾಲು. ಟಿಪ್ಪು ಸುಲ್ತಾನ್ ಮಸ್ಕತ್ತಿನಲ್ಲಿ ತನ್ನದೇ ವ್ಯಾಪಾರದ ಕೋಠಿ ಇಟ್ಟಿದ್ದ. ಇಲ್ಲಿಂದ ಅಕ್ಕಿ, ಗಂಧ, ಮೆಣಸು, ಏಲಕ್ಕಿ. ಅಲ್ಲಿಂದ ಕುದುರೆ, ಗಂಧಕ, ಖರ್ಜೂರ. ರೇಷ್ಮೆಹುಳು ಮತ್ತು ಅದನ್ನು ಸಾಕಲು ಬಲ್ಲ ಜನರನ್ನು ಹುಡುಕಿ ಕಳಿಸಿ ಎಂದು ಅಲ್ಲಿನ ತನ್ನ ಅಧಿಕಾರಿಗೆ ಬರೆಸಿದ ಪತ್ರವೂ ಉಳಿದಿದೆ. ಅವನ ರಾಯಭಾರಿಗಳು 1786ರಲ್ಲಿ ತುರ್ಕಿಗೆ ಹೊರಟಾಗ ಹಡಗು ಹತ್ತಿದ್ದು ಕುಮಟಾ ಪಕ್ಕದ ತದಡಿಯಲ್ಲಿ, ಮೊದಲು ಮುಟ್ಟಿದ ದೊಡ್ಡ ಊರು ಮಸ್ಕತ್.

ಇದನ್ನೆಲ್ಲ ಸ್ನೇಹ ಎಂದು ಓದುವವರಿದ್ದಾರೆ. ನನಗೆ ಇದು ವ್ಯಾಪಾರವಾಗಿಯೇ ಕಾಣುತ್ತದೆ. 1798ರಲ್ಲಿ ಮಸ್ಕತ್ತಿನ ದೊರೆ ಈಸ್ಟ್ ಇಂಡಿಯಾ ಕಂಪನಿಯ ಜೊತೆ ಕರಾರು ಮಾಡಿಕೊಂಡು, ಟಿಪ್ಪು ನೆಚ್ಚಿದ್ದ ಫ್ರೆಂಚರನ್ನು ದೂರ ಇಡಲು ಒಪ್ಪಿದ. ಮರುವರ್ಷ ಶ್ರೀರಂಗಪಟ್ಟಣ ಬಿತ್ತು. ಅಕ್ಕಿ ಮಾತ್ರ ಆಮೇಲೂ ಹೋಗುತ್ತಿತ್ತು, ಯಾಕೆಂದರೆ ಅಲ್ಲಿಯವರಿಗೆ ಹಸಿವಾಗುತ್ತಿತ್ತು, ಇಲ್ಲಿಯವರಿಗೆ ದುಡ್ಡು ಬೇಕಿತ್ತು.

ಆ ಕಡೆಯಿಂದ ಬಂದದ್ದರಲ್ಲಿ ಒಂದು ವಸ್ತು ನಿಮ್ಮ ಮನೆಯಲ್ಲೂ ಇರಬಹುದು. ಬಯಲುಸೀಮೆಯಲ್ಲಿ ಉಡಿ ತುಂಬುವಾಗ ಕೊಬ್ಬರಿ ಬಟ್ಟಲು, ಅರಿಶಿನ ಕೊಂಬಿನ ಜೊತೆ ಉತ್ತತ್ತಿ ಇಡುತ್ತಾರಲ್ಲ, ಕಲ್ಲಿನ ಹಾಗೆ ಗಟ್ಟಿ ಇರುವ ಒಣ ಖರ್ಜೂರ? ಒಮಾನಿನಲ್ಲಿ ಮಬ್ಸಲಿ ಎಂಬ ತಳಿಯ ಕಾಯಿಯನ್ನು ಪೂರ್ತಿ ಹಣ್ಣಾಗುವ ಮೊದಲೇ ಕೊಯ್ದು, ದೊಡ್ಡ ಹಂಡೆಗಳಲ್ಲಿ ಕುದಿಸಿ, ಬಿಸಿಲಿಗೆ ಹರಡಿ ಒಣಗಿಸುತ್ತಾರೆ. ಈ ಕೆಲಸಕ್ಕೆ ಅಲ್ಲಿ ತಬ್ಸೀಲ್ ಎಂದು ಹೆಸರು. ಹಾಗೆ ಕುದಿಸಿದ ಕಾಯಿ ಅಲ್ಲಿಯವರ ಊಟಕ್ಕಿಂತ ಜಾಸ್ತಿ ಭಾರತದ ಗಿರಾಕಿಗಾಗಿಯೇ ತಯಾರಾಗುತ್ತಿತ್ತು. ಶುಭಕಾರ್ಯಕ್ಕೆ ಬೇಕೇ ಬೇಕು ಎಂದು ನಾವು ಹಠ ಹಿಡಿಯುವ ಈ ವಸ್ತು ನಮ್ಮ ಮಣ್ಣಿನದ್ದಲ್ಲ ಎಂಬುದು ನನಗೆ ಈಗಲೂ ತಮಾಷೆಯಾಗಿ ಕಾಣುತ್ತದೆ.

ಇನ್ನು ರೂಪಾಯಿ. ಇದೂ ನಿಜ. ನಿಮ್ಮ ಪೆಟ್ಟಿಗೆಯ ಕೆಂಪು ನೋಟನ್ನು ಬೆಳಕಿನಲ್ಲಿ ಹಿಡಿದು ನಂಬರ್ ನೋಡಿ. ನಂಬರಿನ ಮುಂದೆ ಇಂಗ್ಲಿಷಿನ ‘ಝಡ್’ ಅಕ್ಷರ ಇದ್ದರೆ ಅದು ಗಲ್ಫ್ ರೂಪಾಯಿ. ನಮ್ಮ ರಿಸರ್ವ್ ಬ್ಯಾಂಕೇ ಅಚ್ಚು ಹಾಕಿಸಿ, ಭಾರತದೊಳಗೆ ಚಲಾವಣೆ ಇಲ್ಲದಂತೆ, ಕೊಲ್ಲಿಯ ದೇಶಗಳಿಗೆಂದೇ ಬಿಟ್ಟ ನೋಟು ಅದು.

ಯಾಕೆ ಬೇಕಿತ್ತು ಬೇರೆ ನೋಟು? 1959ರವರೆಗೆ ನಮ್ಮ ಮಾಮೂಲಿ ರೂಪಾಯಿಯೇ ಅಲ್ಲೆಲ್ಲ ಓಡಾಡುತ್ತಿತ್ತು. ಅಲ್ಲಿ ಚಿನ್ನ ಅಗ್ಗ, ಇಲ್ಲಿ ದುಬಾರಿ. ಕಳ್ಳಸಾಗಣೆಯವರು ಇಲ್ಲಿಂದ ರೂಪಾಯಿ ಕಂತೆ ಒಯ್ದು ಅಲ್ಲಿ ಚಿನ್ನ ಕೊಂಡು ತರುತ್ತಿದ್ದರು. ಆ ಕಂತೆಗಳು ಅಲ್ಲಿನ ಬ್ಯಾಂಕುಗಳ ಮೂಲಕ ರಿಸರ್ವ್ ಬ್ಯಾಂಕಿಗೆ ವಾಪಸ್ ಬಂದಾಗ ನಾವು ಅದಕ್ಕೆ ಪೌಂಡ್ ಕೊಡಬೇಕಾಗುತ್ತಿತ್ತು. ಮೊದಲೇ ಬಡಕಲಾಗಿದ್ದ ವಿದೇಶಿ ವಿನಿಮಯದ ಡಬ್ಬಿಗೆ ತೂತು ಬಿದ್ದ ಹಾಗೆ. ಅದಕ್ಕೇ 1959ರಲ್ಲಿ ಗಲ್ಫಿನ ನೋಟನ್ನೇ ಬೇರೆ ಮಾಡಿದರು. 1966ರ ಜೂನ್ 6ರಂದು ರೂಪಾಯಿಯ ಬೆಲೆಯನ್ನು ಶೇ 36.5ರಷ್ಟು ಇಳಿಸಿದಾಗ ಗಲ್ಫ್ ರೂಪಾಯಿಯೂ ಅದರ ಜೊತೆಗೇ ಕುಸಿಯಿತು. ದೆಹಲಿಯ ಒಂದು ನಿರ್ಧಾರ ಕೊಲ್ಲಿಯ ಜನರ ಉಳಿತಾಯಕ್ಕೂ ತಟ್ಟಿತು. ಕುವೈತ್ ಮತ್ತು ಬಹರೇನ್ ಅಷ್ಟರಲ್ಲೇ ಬಿಟ್ಟು ಹೋಗಿದ್ದವು, ಉಳಿದವರೂ ಬಿಟ್ಟರು. ಕೊನೆಯವರೆಗೂ ಇಟ್ಟುಕೊಂಡಿದ್ದು ಒಮಾನ್. 1970ರಲ್ಲಿ ಅವರೂ ತಮ್ಮ ರಿಯಾಲ್ ತಂದರು. ನಮ್ಮ ಪೈಸೆಯ ಹೆಸರು ಮಾತ್ರ ಅಲ್ಲಿ ಉಳಿದುಕೊಂಡಿತು. ಇವತ್ತಿಗೂ ಒಂದು ರಿಯಾಲಿಗೆ 1000 ಬೈಸಾ.

ಈ ಸಾವಿರದ ಲೆಕ್ಕ ನೆನಪಿಡಿ, ಉಪಯೋಗಕ್ಕೆ ಬರುತ್ತದೆ. ಒಮಾನಿನ ಬಿಲ್ಲಿನಲ್ಲಿ ಚುಕ್ಕೆಯ ನಂತರ ಮೂರು ಅಂಕಿ ಇರುತ್ತವೆ. 1.250 ಎಂದರೆ ಒಂದೂಕಾಲು ರಿಯಾಲ್. ಒಮ್ಮೆ ಒಬ್ಬ ಹೊಸ ರಫ್ತುದಾರರು ಅದನ್ನು ಸಾವಿರದ ಇನ್ನೂರೈವತ್ತು ಎಂದು ಓದಿಕೊಂಡು, ಸಂಭ್ರಮದಲ್ಲಿ ಮಿಠಾಯಿ ಡಬ್ಬಿ ಹಿಡಿದುಕೊಂಡು ನನ್ನ ಮೇಜಿಗೆ ಬಂದಿದ್ದರು.

ಹಾಗಾದರೆ ಒಮಾನ್ ಭಾರತದ ಭಾಗವಾಗಿತ್ತಾ? ಇಲ್ಲ. ಅಲ್ಲಿ 1744ರ ಸುಮಾರಿಗೆ ಶುರುವಾದ ಅಲ್ ಬುಸೈದ್ ಮನೆತನವೇ ಈಗಲೂ ಆಳುತ್ತಿದೆ. ಬ್ರಿಟಿಷರು ಕೊಲ್ಲಿಯ ವ್ಯವಹಾರವನ್ನು 1947ರವರೆಗೆ ತಮ್ಮ ಭಾರತ ಸರ್ಕಾರದ ಮೂಲಕ ನೋಡಿಕೊಳ್ಳುತ್ತಿದ್ದರು, ಅಷ್ಟೇ. ಅದಕ್ಕೇ ಅಲ್ಲಿ ನಮ್ಮ ರೂಪಾಯಿ, ನಮ್ಮ ಅಂಚೆ. 1944ರಲ್ಲಿ ಮನೆತನಕ್ಕೆ 200 ವರ್ಷ ತುಂಬಿದಾಗ ಆರನೇ ಜಾರ್ಜ್ ಮುಖದ ಭಾರತದ ಅಂಚೆಚೀಟಿಯ ಮೇಲೆಯೇ ಅರಬ್ಬಿಯಲ್ಲಿ ಮುದ್ರೆ ಒತ್ತಿ ಮಸ್ಕತ್ತಿನಲ್ಲಿ ಬಿಟ್ಟಿದ್ದರು. ಆಗಿನ ಸುಲ್ತಾನ್ ಸಯೀದ್ ಬಿನ್ ತೈಮೂರ್ ಓದಿದ್ದೂ ಅಜ್ಮೇರಿನ ಮೇಯೋ ಕಾಲೇಜಿನಲ್ಲಿ. ಇಂಥ ತುಣುಕುಗಳನ್ನು ಜೋಡಿಸಿ ‘ನಮ್ಮದಾಗಿತ್ತು’ ಎಂದು ಫಾರ್ವರ್ಡ್ ಮಾಡುವುದು ಸುಲಭ.

ಗ್ವಾದರ್ ಕಥೆಗೂ ಒಂದು ಎಳೆ ನಿಜವಿದೆ. 1783ರಲ್ಲಿ ಬಲೂಚಿಸ್ತಾನದ ಕಲಾತ್ ಸಂಸ್ಥಾನದ ದೊರೆ, ಅಂದರೆ ಖಾನ, ಅದನ್ನು ಒಮಾನಿನ ರಾಜಮನೆತನದವನಿಗೆ ಬಿಟ್ಟುಕೊಟ್ಟ. 1958ರವರೆಗೆ ಅದು ಒಮಾನಿನದೇ. ಆ ವರ್ಷ ಪಾಕಿಸ್ತಾನ 30 ಲಕ್ಷ ಪೌಂಡ್ ಕೊಟ್ಟು ಕೊಂಡಿತು. ಮೊದಲು ಭಾರತಕ್ಕೆ ಕೇಳಿದ್ದರು ಎಂದು ನಮ್ಮ ಕೆಲವು ನಿವೃತ್ತ ರಾಜತಾಂತ್ರಿಕರು, ಸೇನಾಧಿಕಾರಿಗಳು ಎಷ್ಟೋ ವರ್ಷಗಳ ನಂತರ ಹೇಳಿದ್ದಾರೆ. ಅವರು ಹೇಳಿದ್ದು ಮಾರಾಟದ ಮಾತು. ಪುಕ್ಕಟೆ ಎನ್ನುವುದು ವಾಟ್ಸ್‌ಆ್ಯಪ್ ಸೇರಿಸಿದ ಒಗ್ಗರಣೆ. ನಕ್ಷೆ ತೆಗೆದು ನೋಡಿ: ಗ್ವಾದರಿನ ಮೂರು ಕಡೆ ಪಾಕಿಸ್ತಾನ, ಒಂದು ಕಡೆ ಸಮುದ್ರ. 1958ರ ಭಾರತ ಅದನ್ನು ಕಾಯುವುದು ಹೇಗಿತ್ತು ಎಂದು ನೀವೇ ಯೋಚಿಸಿ.

ಈಗ ವ್ಯಾಪಾರಕ್ಕೆ ಬರೋಣ.

2025ರ ಡಿಸೆಂಬರ್ 18ರಂದು ಮಸ್ಕತ್ತಿನಲ್ಲಿ ಎರಡೂ ದೇಶಗಳು ಸಮಗ್ರ ಆರ್ಥಿಕ ಸಹಭಾಗಿತ್ವ ಒಪ್ಪಂದಕ್ಕೆ ಸಹಿ ಹಾಕಿದವು. ಬ್ಯಾಂಕಿನಲ್ಲಿ, ಬಂದರಿನಲ್ಲಿ ಎಲ್ಲರೂ ‘ಸೆಪಾ’ ಅನ್ನುತ್ತಾರೆ. ಒಮಾನ್ ತನ್ನ ಸುಂಕದ ಪಟ್ಟಿಯ ಶೇ 98ರಷ್ಟು ಬಾಬುಗಳಿಗೆ ನಮ್ಮ ಸರಕಿನ ಮೇಲೆ ಸುಂಕ ಹಾಕುವುದಿಲ್ಲ ಎಂದಿದೆ. ಕೇಳಲು ಭಾರಿ ಅನಿಸುತ್ತದೆ. ಆದರೆ ಇದುವರೆಗೆ ಅಲ್ಲಿ ಬಹುತೇಕ ಸರಕಿಗೆ ಇದ್ದ ಸುಂಕ ಎಷ್ಟು? ಶೇ 5. ಅಂದರೆ 10 ಲಕ್ಷದ ಸರಕಿಗೆ ಉಳಿಯುವುದು 50 ಸಾವಿರ. ಆ ಸುಂಕ ಕಟ್ಟುತ್ತಿದ್ದವರು ಅಲ್ಲಿ ತರಿಸಿಕೊಳ್ಳುವವರು, ನೀವಲ್ಲ. ಹಾಗಾಗಿ ಉಳಿತಾಯ ಮೊದಲು ಅವರ ಜೇಬಿಗೇ ಹೋಗುತ್ತದೆ. ನಿಮಗೆ ಬೇಕೆಂದರೆ ದರ ಮಾತಾಡುವಾಗ ಬಾಯಿಬಿಟ್ಟು ಕೇಳಬೇಕು. ಜೊತೆಗೆ ಅಂಗಡಿಯಲ್ಲಿ ಹಾಕುವ ಶೇ 5ರ ವ್ಯಾಟ್ ಬೇರೆ ಇದೆ. 2021ರಿಂದ ಇರುವ ಅದಕ್ಕೂ ಈ ಒಪ್ಪಂದಕ್ಕೂ ಸಂಬಂಧ ಇಲ್ಲ.

ಇನ್ನೊಂದು ಸೂಕ್ಷ್ಮ ನಿಮ್ಮ ಗೋಡಂಬಿಯದ್ದು. ಸುಂಕ ಮಾಫಿ ಭಾರತದ ಮೂಲದ ಸರಕಿಗೆ. ಅದಕ್ಕೆ ಸರಕು ಯಾವ ದೇಶದ್ದು ಎಂದು ತೋರಿಸುವ ಮೂಲ ಪ್ರಮಾಣಪತ್ರ ಬೇಕು. ನಮ್ಮ ಕರಾವಳಿಯ ಕಾರ್ಖಾನೆಗಳಿಗೆ ಬರುವ ಕಚ್ಚಾ ಗೇರುಬೀಜದಲ್ಲಿ ದೊಡ್ಡ ಪಾಲು ಆಫ್ರಿಕಾದ್ದು ಎಂದು ನಿಮಗೇ ಗೊತ್ತು. ತಾಂಜಾನಿಯಾದ ಬೀಜವನ್ನು ಇಲ್ಲಿ ಸುಲಿದು ಹುರಿದರೆ ಅದು ಭಾರತದ್ದು ಅನಿಸಿಕೊಳ್ಳುತ್ತದಾ ಎಂಬುದನ್ನು ಒಪ್ಪಂದದಲ್ಲಿರುವ, ಸರಕಿನ ಮೂಲದ ನಿಯಮಗಳಲ್ಲಿ ನಿಮ್ಮ ಸರಕಿನ ಕೋಡ್ ಹುಡುಕಿ ಓದಿಯೇ ತೀರ್ಮಾನಿಸಬೇಕು. ಬೀಜ ಕೊಂಡ ಬಿಲ್ಲುಗಳನ್ನು ಬೇರೆ ಫೈಲಿನಲ್ಲಿಡಿ. ಹಪ್ಪಳ, ಚಿಪ್ಸಿಗೆ ಈ ತಲೆಬಿಸಿ ಕಡಿಮೆ. ಒಪ್ಪಂದಕ್ಕೆ ಸಹಿ ಬಿದ್ದ ದಿನ ಬೇರೆ, ಜಾರಿಯಾಗುವ ದಿನ ಬೇರೆ. ಸರಕು ಕಳಿಸುವ ಮುನ್ನ ಕಸ್ಟಮ್ಸ್ ಏಜೆಂಟರಲ್ಲಿ ಅದನ್ನೂ ಖಾತ್ರಿ ಮಾಡಿಕೊಳ್ಳಿ.

ಎರಡು ದೇಶಗಳ ನಡುವಿನ ದೊಡ್ಡ ವ್ಯವಹಾರ ಹಪ್ಪಳದ್ದಲ್ಲ, ಬಿಡಿ. 2024-25ರಲ್ಲಿ ಒಟ್ಟು ವಹಿವಾಟು ಸುಮಾರು 1,060 ಕೋಟಿ ಡಾಲರ್. ಅದರಲ್ಲಿ ನಾವು ಮಾರಿದ್ದಕ್ಕಿಂತ ಕೊಂಡದ್ದೇ ಜಾಸ್ತಿ: ತೈಲ, ಅನಿಲ, ಯೂರಿಯಾ. ಸೂರ್ ಊರಿನ ಯೂರಿಯಾ ಕಾರ್ಖಾನೆಯಲ್ಲಿ ನಮ್ಮ ಇಫ್ಕೊ ಮತ್ತು ಕ್ರಿಭ್ಕೊ ಪಾಲುದಾರರು. ಹಾಗೆಂದು ಹಳೆ ನಂಟಿನ ಎಲ್ಲ ಯೋಜನೆಯೂ ಕೈಗೂಡಿದೆ ಎಂದಲ್ಲ. ಒಮಾನಿನಿಂದ ಗುಜರಾತಿಗೆ ಸಮುದ್ರದ ತಳದಲ್ಲಿ ಅನಿಲದ ಕೊಳವೆ ಹಾಕಲು 1993ರಲ್ಲೇ ಮಾತಾಗಿತ್ತು. 3 ಸಾವಿರ ಮೀಟರಿಗೂ ಮಿಕ್ಕಿದ ಆಳ ನೋಡಿ ಎಲ್ಲರೂ ಹಿಂದೆ ಸರಿದರು. ಎರಡು ಸರ್ಕಾರಗಳಿಗೇ ಹೀಗಾಗುತ್ತದೆ.

ನಿಮ್ಮ 15 ಲಕ್ಷಕ್ಕೆ ಬರುತ್ತೇನೆ.

ಇಲ್ಲಿ ಒಬ್ಬರ ಅಕೌಂಟಿಗೆ ರೂಪಾಯಿ ಹಾಕಿ, ಅಲ್ಲಿ ಇನ್ನೊಬ್ಬರಿಂದ ರಿಯಾಲ್ ಪಡೆಯುವುದಕ್ಕೆ ಒಂದೇ ಹೆಸರು: ಹವಾಲಾ. ದೋಸ್ತ ಕೆಟ್ಟವನು ಎಂದು ನಾನು ಹೇಳುತ್ತಿಲ್ಲ. ಊರಿಗೆ ದುಡ್ಡು ಕಳಿಸಲು ಎಷ್ಟೋ ಜನ ಹೀಗೇ ಮಾಡುತ್ತಾರೆ, ಅವನಿಗೂ ಇದು ಮಾಮೂಲು ಅನಿಸಿರಬಹುದು. ಆದರೆ ವಿದೇಶಿ ವಿನಿಮಯದ ಫೆಮಾ ಕಾಯ್ದೆಯಡಿ ಸಿಕ್ಕಿಬಿದ್ದರೆ ಮೊತ್ತದ ಮೂರು ಪಟ್ಟಿನವರೆಗೆ ದಂಡ ಹಾಕಬಹುದು. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಆ ಅಂಗಡಿಯಲ್ಲಿ ನಿಮ್ಮ ಪಾಲಿದೆ ಎನ್ನಲು ನಿಮ್ಮ ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ. ಬ್ಯಾಂಕಿನ ದಾಖಲೆ ಪ್ರಕಾರ ನೀವು ಅವನ ಭಾವನಿಗೆ 15 ಲಕ್ಷ ಕೊಟ್ಟಿದ್ದೀರಿ, ಅಷ್ಟೇ. ಲಾಭ ಬಂದರೂ ಅದನ್ನು ಕಾನೂನುಬದ್ಧವಾಗಿ ಇಲ್ಲಿಗೆ ತರಲು ದಾರಿ ಇಲ್ಲ.

ನನ್ನ ಮೇಜಿನ ಎದುರು ಕೂತು ಅತ್ತವರಲ್ಲಿ ಒಬ್ಬರ ವಿಷಯ ಹೇಳುತ್ತೇನೆ, ಊರು ಹೆಸರು ಬೇಡ. ಅವರೂ ಹೀಗೇ ನೆಂಟರೊಬ್ಬರ ಜೊತೆ ಅಲ್ಲಿ ಅಂಗಡಿ ಹಾಕಿದ್ದರು. ಅಂಗಡಿಯ ಪರವಾನಗಿ ಅರಬಾಬ್, ಅಂದರೆ ಅಲ್ಲಿನ ಸ್ಥಳೀಯ ಪ್ರಾಯೋಜಕನ ಹೆಸರಲ್ಲಿ, ಬಾಡಿಗೆ ಕರಾರು ನೆಂಟರ ಹೆಸರಲ್ಲಿ, ಇವರ ಹೆಸರು ಒಂದು ನೋಟ್‌ಬುಕ್ಕಿನಲ್ಲಿ. ನೆಂಟರು ಹೃದಯಾಘಾತದಿಂದ ತೀರಿಕೊಂಡರು. ಮೋಸ ಯಾರೂ ಮಾಡಲಿಲ್ಲ. ಆದರೂ ದುಡ್ಡು ಬರಲಿಲ್ಲ, ಯಾಕೆಂದರೆ ಯಾರ ಹತ್ತಿರ ಕೇಳಬೇಕು ಎಂದೇ ಗೊತ್ತಿರಲಿಲ್ಲ. ಆ ನೋಟ್‌ಬುಕ್ಕನ್ನು ಅವರು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದಿದ್ದರು.

ಈಗ ಒಮಾನಿನ ಕಾನೂನೂ ಬದಲಾಗಿದೆ. 2020ರಿಂದ ವಿದೇಶಿಯರು ಅನೇಕ ವ್ಯಾಪಾರಗಳಲ್ಲಿ ಪೂರ್ತಿ ನೂರಕ್ಕೆ ನೂರು ಪಾಲು ತಮ್ಮ ಹೆಸರಲ್ಲೇ ಇಟ್ಟುಕೊಳ್ಳಬಹುದು, ಅರಬಾಬ್ ಹೆಸರು ಬೇಕಿಲ್ಲ. ಆದರೆ ಸ್ಥಳೀಯರಿಗೆ ಮಾತ್ರ ಎಂದು ಮೀಸಲಿಟ್ಟ ಕಸುಬುಗಳ ಪಟ್ಟಿಯೊಂದಿದೆ, ಅದು ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಿದೆ. ಸಣ್ಣಪುಟ್ಟ ಅಂಗಡಿಗಳೇ ಅದರಲ್ಲಿ ಜಾಸ್ತಿ. ಬೇರೆಯವರ ಹೆಸರಲ್ಲಿ ಪರವಾನಗಿ ಇಟ್ಟು ಒಳಗಿಂದ ನಾವು ನಡೆಸುವುದಕ್ಕೆ ಅಲ್ಲಿ ‘ತಸತ್ತುರ್’ ಎನ್ನುತ್ತಾರೆ, ಅದು ಅಪರಾಧ. ದೋಸ್ತ ಕೆಲಸದ ವೀಸಾದಲ್ಲಿದ್ದಾನೆ ಅಂದಿರಿ. ಹಾಗಾದರೆ ಅಂಗಡಿ ಯಾರ ಹೆಸರಲ್ಲಿ? ಇದನ್ನು ಇವತ್ತೇ ಕೇಳಿ.

ನಿಮಗೆ ಅಲ್ಲೇ ಕಂಪನಿ ಮಾಡಬೇಕು ಎಂಬ ಆಸೆ ಗಟ್ಟಿಯಾಗಿದ್ದರೆ ನೇರ ದಾರಿ ಇದೆ. ಒಬ್ಬರು ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ ಬ್ಯಾಂಕ್ ಮೂಲಕ ಹೊರಗೆ ಕಳಿಸಬಹುದು. ವಿದೇಶಿ ಕಂಪನಿಯಲ್ಲಿ ಪಾಲು ತೆಗೆದುಕೊಳ್ಳುವುದಾದರೆ ಅದಕ್ಕೆಂದೇ ಇರುವ ಫಾರಂ ತುಂಬಬೇಕು, ಪ್ರತಿ ವರ್ಷ ವರದಿ ಕೊಡಬೇಕು. ಈಗಿನ ನಿಯಮದಂತೆ 10 ಲಕ್ಷ ದಾಟಿದ ಮೊತ್ತದ ಮೇಲೆ ಶೇ 20 ಟಿಸಿಎಸ್, ಅಂದರೆ ಬ್ಯಾಂಕೇ ಮೊದಲೇ ವಸೂಲು ಮಾಡುವ ತೆರಿಗೆ, ಹಿಡಿಯುತ್ತಾರೆ. ನಿಮ್ಮ ಲೆಕ್ಕದಲ್ಲಿ 5 ಲಕ್ಷದ ಮೇಲೆ 1 ಲಕ್ಷ. ರಿಟರ್ನ್ ಹಾಕಿದಾಗ ಅದು ಲೆಕ್ಕಕ್ಕೆ ಸಿಗುತ್ತದೆ, ಆದರೆ ಅಲ್ಲಿಯವರೆಗೆ ಕೈಯಲ್ಲಿರುವುದಿಲ್ಲ. ಇಷ್ಟೆಲ್ಲ ಮಾಡಿ ಹೋದರೂ ಒಮಾನಿನ ಜನಸಂಖ್ಯೆ 50 ಲಕ್ಷದ ಆಸುಪಾಸು. ಬೆಂಗಳೂರಿನ ಅರ್ಧವೂ ಇಲ್ಲ. ನಿಮ್ಮ ಹಪ್ಪಳ ಕೊಳ್ಳುವವರು ಅದರಲ್ಲಿರುವ ಆರೇಳು ಲಕ್ಷ ಭಾರತೀಯರಲ್ಲೂ ಒಂದು ಪಾಲು. ಅಂಗಡಿ ಬಾಡಿಗೆ, ಕಂಪನಿಯ ಖರ್ಚು, ಕನಿಷ್ಠ ಒಬ್ಬ ಒಮಾನಿ ನೌಕರನ ಸಂಬಳ ಎಲ್ಲ ಕಳೆದರೆ 15 ಲಕ್ಷ ಆರು ತಿಂಗಳು ಬಂದರೆ ಹೆಚ್ಚು. ನಾನಾಗಿದ್ದರೆ ಮಾಡುತ್ತಿರಲಿಲ್ಲ.

ನಾನು ಮಾಡುತ್ತಿದ್ದದ್ದು ಹೀಗೆ. ಘಟಕ ಇಲ್ಲೇ ಇರಲಿ, ಸರಕು ಮಾತ್ರ ಹೋಗಲಿ. ಮೊದಲ ಒಂದೆರಡು ಸಲ ಸ್ವಂತ ಹೆಸರಲ್ಲೂ ಬೇಡ. ಮುಂಬೈ, ಕೊಚ್ಚಿ, ಮಂಗಳೂರಿನಲ್ಲಿ ಹತ್ತಾರು ಜನರ ತಿಂಡಿ, ಮಸಾಲೆ ಸೇರಿಸಿ ಕಂಟೇನರ್ ತುಂಬುವ ರಫ್ತುದಾರರಿದ್ದಾರೆ. ಅವರಿಗೆ ಕೊಡಿ. ಲಾಭ ತೆಳು, ಆದರೆ ದುಡ್ಡು ರೂಪಾಯಿಯಲ್ಲಿ ಇಲ್ಲೇ ಬರುತ್ತದೆ, ಮತ್ತು ನಿಮ್ಮ ಪ್ಯಾಕಿಂಗ್ ಅಲ್ಲಿನ ಬಿಸಿಲನ್ನು ತಡೆಯುತ್ತದಾ ಎಂಬುದು ಅವರ ಖರ್ಚಿನಲ್ಲಿ ಗೊತ್ತಾಗುತ್ತದೆ. ನಮ್ಮ ಕಡೆಯ ಒಂದು ಘಟಕದ ಚಿಪ್ಸ್ ಸೋಹಾರ್ ಬಂದರಿನಲ್ಲಿ ವಾರಗಟ್ಟಲೆ ನಿಂತು ಹಾಳಾಯಿತು. ಕಾರಣ ಲೇಬಲ್. ಅರಬ್ಬಿಯಲ್ಲಿ ವಿವರ ಇರಲಿಲ್ಲ, ತಯಾರಿಸಿದ ದಿನಾಂಕವನ್ನು ಮೇಲಿಂದ ಸ್ಟಿಕ್ಕರ್ ಅಂಟಿಸಿದ್ದರು. ಅವಧಿಯಲ್ಲಿ ಅರ್ಧಕ್ಕಿಂತ ಕಡಿಮೆ ಉಳಿದ ತಿಂಡಿಯನ್ನು ಅಲ್ಲಿನ ದೊಡ್ಡ ಅಂಗಡಿಯವರು ಮುಟ್ಟುವುದೂ ಇಲ್ಲ.

ಆಮೇಲೆ ಸ್ವಂತ ರಫ್ತು. ರಫ್ತು ಮಾಡಲು ಬೇಕಾದ ಐಇಸಿ ನಂಬರಿಗೆ 500 ರೂಪಾಯಿ, ಆನ್‌ಲೈನಿನಲ್ಲೇ ಆಗುತ್ತದೆ. ಹೊಸ ಗಿರಾಕಿಗೆ ಉದ್ರಿ ಕೊಡಬೇಡಿ. ಅರ್ಧ ಮುಂಗಡ, ಉಳಿದದ್ದು ಅವರು ಬ್ಯಾಂಕ್ ಮೂಲಕ ಸರಕಿನ ದಾಖಲೆ ಬಿಡಿಸಿಕೊಳ್ಳುವಾಗ. ಮೊತ್ತ ದೊಡ್ಡದಾದರೆ ಎಲ್‌ಸಿ, ಅಂದರೆ ಗಿರಾಕಿಯ ಬ್ಯಾಂಕ್ ಕೊಡುವ ಪಾವತಿಯ ಖಾತರಿ ಪತ್ರ ಕೇಳಿ. ಉದ್ರಿ ಕೊಡಲೇಬೇಕಾದ ಕಾಲ ಬಂದಾಗ ರಫ್ತಿನ ಉದ್ರಿಗೆ ವಿಮೆ ಕೊಡುವ ಸರ್ಕಾರಿ ಸಂಸ್ಥೆ ಇಸಿಜಿಸಿಯ ವಿಮೆ ತೆಗೆದುಕೊಳ್ಳಿ. ಅವರು ಪ್ರೀಮಿಯಂ ಹೇಳುವ ಮೊದಲು ಕೊಳ್ಳುವವನ ಪೂರ್ವಾಪರ ವಿಚಾರಿಸುತ್ತಾರೆ, ಅದೇ ನಿಮಗೆ ಅರ್ಧ ಲಾಭ. ಬಿಲ್ಲು ಡಾಲರಿನಲ್ಲಿದ್ದರೂ ರಿಯಾಲಿನಲ್ಲಿದ್ದರೂ ಒಂದೇ, 1986ರಿಂದ ರಿಯಾಲನ್ನು ಡಾಲರಿಗೆ ಒಂದೇ ದರದಲ್ಲಿ ಕಟ್ಟಿಹಾಕಿದ್ದಾರೆ.

ನಿಮ್ಮ ದೋಸ್ತನನ್ನು ಬಿಡಬೇಡಿ. ಅವನಿಗೆ ಪಾಲುದಾರಿಕೆ ಬೇಡ, ಬೇರೆ ಕೆಲಸ ಇದೆ. ರಜೆಯ ದಿನ ಅವನು ರುವಿ, ಮತ್ರಾದ ಅಂಗಡಿಗಳಿಗೆ ಹೋಗಿ ಕೇರಳದವರ ಚಿಪ್ಸ್ ಯಾವ ಅಳತೆಯ ಪೊಟ್ಟಣದಲ್ಲಿ, ಎಷ್ಟು ಬೈಸಾಗೆ ಮಾರಾಟವಾಗುತ್ತಿದೆ, ಯಾರ ಹೆಸರಲ್ಲಿ ಬರುತ್ತಿದೆ ಎಂದು ಲೇಬಲಿನ ಫೋಟೊ ತೆಗೆದು ಕಳಿಸಲಿ. ಆಮದು ಮಾಡಿಕೊಂಡವರ ಹೆಸರು ಲೇಬಲಿನಲ್ಲೇ ಇರುತ್ತದೆ. ನಿಮ್ಮ ಮೊದಲ ಗಿರಾಕಿ ಆ ಹೆಸರುಗಳಲ್ಲೇ ಸಿಗಬಹುದು.

ಇನ್ನು ಆ ಕೆಂಪು ನೋಟು. ಅದನ್ನು ಲ್ಯಾಮಿನೇಟ್ ಮಾಡಿಸಬೇಡಿ, ಅಂಟು ಟೇಪ್ ಹಚ್ಚಬೇಡಿ. ಹಾಗೆ ಮಾಡಿದರೆ ಸಂಗ್ರಾಹಕರು ಮುಟ್ಟುವುದಿಲ್ಲ. ಮಡಿಕೆ ಬಿಡಿಸಿ ಒಳ್ಳೆಯ ಆಲ್ಬಮ್ ಹಾಳೆಯಲ್ಲಿಡಿ. ನಂಬರಿನ ಮುಂದೆ ಝಡ್ ಇದೆಯೋ ಇಲ್ಲವೋ ನನಗೂ ಒಂದು ಸಾಲು ಬರೆದು ತಿಳಿಸಿ.